ಬಾರ್ ತಲೆಯ ಮೇಲೆ ನಿಲ್ಲಬೇಕೆಂದರೆ ಬೆನ್ನಿನಿಂದ ಶುರುಮಾಡಿ

ವೇಟ್‌ಲಿಫ್ಟಿಂಗ್‌ನ ಸ್ನ್ಯಾಚ್‌ನಲ್ಲಿ, ಅಂದರೆ ಭಾರ ಹಾಕಿದ ಬಾರನ್ನು (ಉಕ್ಕಿನ ಸರಳನ್ನು) ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಎತ್ತುವುದರಲ್ಲಿ, 38 ಕಿಲೋ ದಾಟಲು ನನಗೆ ಹನ್ನೊಂದು ತಿಂಗಳು ಹಿಡಿಯಿತು. ಬಲ ಸಾಲದೆ ಅಲ್ಲ. ಅದೇ ಬಾರನ್ನು ಎದೆಯ ಎತ್ತರಕ್ಕೆ ಸಲೀಸಾಗಿ ಎಳೆಯುತ್ತಿದ್ದೆ. ಆದರೆ ಅದರ ಕೆಳಗೆ ಕುಕ್ಕರಗಾಲಿಗೆ ಇಳಿದ ತಕ್ಷಣ ಬಾರ್ ಮುಂದಕ್ಕೆ ಜಾರಿ ಬೀಳುತ್ತಿತ್ತು. ಒಂದು ಸಲವೂ ಹಿಂದಕ್ಕೆ ಬಿದ್ದಿದ್ದಿಲ್ಲ, ಯಾವಾಗಲೂ ಮುಂದಕ್ಕೇ. ನೋಡಿದವರೆಲ್ಲ "ಹೆಗಲು ಬಿಗಿ" ಅಂದರು, ನಾನೂ ಒಪ್ಪಿಕೊಂಡೆ. ಒಂದು ಪ್ಲಾಸ್ಟಿಕ್ ಕೋಲು ಹಿಡಿದು ಬೆಳಿಗ್ಗೆ ಐವತ್ತು ಸಲ, ರಾತ್ರಿ ಐವತ್ತು ಸಲ ತಲೆಯ ಮೇಲಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುಗಿಸಿದೆ. ಆರು ವಾರ ಕಳೆಯುವಷ್ಟರಲ್ಲಿ ಬಲ ಹೆಗಲಿನ ಮುಂಭಾಗದಲ್ಲಿ ಸೂಜಿ ಚುಚ್ಚಿದಂಥ ನೋವು ಶುರುವಾಯಿತು. ಬಾರ್ ಮಾತ್ರ ಮುಂದಕ್ಕೇ ಬೀಳುತ್ತಿತ್ತು.

ನನ್ನ ಕೆಲಸ ಕರಡು ತಿದ್ದುವುದು. ದಿನಕ್ಕೆ ಎಂಟು ಗಂಟೆ ಹಾಳೆಯ ಮೇಲೆ ಬಾಗಿ ಕೂರುತ್ತೇನೆ. 36ನೇ ವಯಸ್ಸಿನಲ್ಲಿ ಮೊದಲ ಸಲ ಬಾರ್ ಹಿಡಿಯುವ ಹೊತ್ತಿಗೆ ಹಾಗೆ ಕೂತು ಹದಿಮೂರು ವರ್ಷ ಆಗಿತ್ತು. ಕೋಚ್ ಒಂದು ದಿನ ಕೈಯಲ್ಲಿದ್ದ ಕೋಲನ್ನು ಇಸಿದುಕೊಂಡು, "ಮೇಡಂ, ಇದು ಬೇಡ, ನೆಲದ ಮೇಲೆ ಮಲಗಿ" ಅಂದರು. ಮಲಗಿದೆ. ಎರಡೂ ಕೈಯನ್ನು ತಲೆಯ ಹಿಂದಕ್ಕೆ ಚಾಚಿಸಿದರು. ಆಮೇಲೆ ಬೆನ್ನಿನ ಕೆಳಗೆ ಫೋಮ್ ರೋಲರ್ (ಗಟ್ಟಿ ಸ್ಪಂಜಿನ ಉರುಳೆ) ಇಟ್ಟು ಎರಡು ನಿಮಿಷ ನಿಧಾನವಾಗಿ ಉಸಿರಾಡಿಸಿದರು, ರೋಲರ್ ತೆಗೆದು ಮತ್ತೆ ಕೈ ಚಾಚಿಸಿದರು. ನೆಲದಿಂದ ಒಂದು ಗೇಣು ಮೇಲೆ ನಿಂತಿದ್ದ ಕೈ ಈಗ ನಾಲ್ಕು ಬೆರಳಿನಷ್ಟು ಮೇಲಿತ್ತು. ಹೆಗಲನ್ನು ಯಾರೂ ಮುಟ್ಟಿರಲೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಬೆನ್ನು ಬಿಗಿದಿದ್ದಕ್ಕೆ ನಾನು ಹೆಗಲನ್ನು ದಂಡಿಸುತ್ತಿದ್ದೆ.

ಆಮೇಲಿನ ಐದು ವರ್ಷ ನನ್ನ ಮೇಲೂ, ಜೊತೆಗೆ ಅಭ್ಯಾಸ ಮಾಡುವ ಹತ್ತಾರು ಜನರ ಮೇಲೂ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಎಲ್ಲವನ್ನೂ ಎಳೆಯಲು ಹೊರಡಬೇಡಿ. ಮೊದಲು ಯಾವುದು ಬಿಗಿದಿದೆ ಅಂತ ಪತ್ತೆಮಾಡಿ. ಅದನ್ನು ಸಡಿಲಿಸಿದ ದಿನವೇ, ಸಿಕ್ಕಿದ ಆ ಹೊಸ ಜಾಗದಲ್ಲಿ ಸ್ವಲ್ಪ ಭಾರ ಹೊತ್ತು ನಿಲ್ಲಿ.

ಎತ್ತಿದ ಕೈಯ ಲೆಕ್ಕ

ಕೈಯನ್ನು ಪಕ್ಕದಿಂದ ತಲೆಯ ಮೇಲಕ್ಕೆ ನೇರ ಎತ್ತಿದರೆ ಸುಮಾರು 180 ಡಿಗ್ರಿ ಚಲನೆ. ಅದರಲ್ಲಿ ಸುಮಾರು 120 ಡಿಗ್ರಿ ಮಾತ್ರ ಹೆಗಲಿನ ಗುಂಡುಕೀಲಿನದು. ಉಳಿದ 60 ಡಿಗ್ರಿ ಬರುವುದು ಹೆಗಲ ಹಲಗೆಯಿಂದ. ಬೆನ್ನಿನ ಮೇಲ್ಭಾಗದ ಆ ಚಪ್ಪಟೆ ತ್ರಿಕೋನದ ಮೂಳೆ ಪಕ್ಕೆಲುಬುಗಳ ಮೇಲೆ ಜಾರಿ, ಮೇಲಕ್ಕೆ ತಿರುಗಿ, ಹಿಂದಕ್ಕೆ ವಾಲಬೇಕು. ಅದು ಜಾರುವುದು ಎದೆಗೂಡಿನ ಮೇಲೆ. ಎದೆಗೂಡಿಗೆ ಹಿಂಬದಿಯ ಕಂಬ ಬೆನ್ನುಮೂಳೆಯ ನಡುಭಾಗದ 12 ಕಶೇರುಗಳು. ಈ ಕಂಬ ಮುಂದಕ್ಕೆ ಬಾಗಿ ಗಟ್ಟಿಯಾಗಿ ಕೂತರೆ ಹಲಗೆಗೆ ವಾಲಲು ಜಾಗವಿಲ್ಲ.

ಈಗಲೇ ಪರೀಕ್ಷಿಸಿ. ಕುರ್ಚಿಯಲ್ಲಿ ಕೂತಲ್ಲೇ ಪೂರ್ತಿ ಗೂನು ಬೆನ್ನಾಗಿ ಒಂದು ಕೈ ಮೇಲೆತ್ತಿ, ಅದು ನಿಲ್ಲುವ ಜಾಗ ನೋಡಿಕೊಳ್ಳಿ. ಬೆನ್ನು ನೆಟ್ಟಗೆ ಮಾಡಿ ಮತ್ತೆ ಎತ್ತಿ. ಈ ಎರಡರ ನಡುವಿನ ಅಂತರ ಹೆಗಲಿನದಲ್ಲ, ಬೆನ್ನಿನದು.

ಸ್ನಾಯುಗಳಲ್ಲಿ ಮುಖ್ಯ ಅಡ್ಡಿ ಎರಡು. ಒಂದು ಲ್ಯಾಟ್: ಸೊಂಟದ ಹಿಂಬದಿಯಿಂದ ಹೊರಟು, ಬೆನ್ನಿನ ಅಗಲಕ್ಕೂ ಹರಡಿ, ಕಂಕುಳ ಕೆಳಗೆ ತಿರುಚಿಕೊಂಡು ತೋಳಿನ ಮೂಳೆಗೆ ಅಂಟುವ ದೊಡ್ಡ ಸ್ನಾಯು. ಅದು ಬಿಗಿಯಾಗಿದ್ದರೆ ಎತ್ತಿದ ಕೈಯನ್ನು ಮುಂದಕ್ಕೂ ಒಳಕ್ಕೂ ಎಳೆಯುತ್ತದೆ, ಇಲ್ಲವೇ ನಡುವನ್ನು ಒಳಕ್ಕೆ ಬಗ್ಗಿಸಿಬಿಡುತ್ತದೆ. ಇನ್ನೊಂದು ಎದೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ ಅಡಗಿರುವ ಸಣ್ಣದು. 3, 4, 5ನೇ ಪಕ್ಕೆಲುಬುಗಳಿಂದ ಹೆಗಲ ಹಲಗೆಯ ಮುಂಗೊಕ್ಕೆಗೆ ಕಟ್ಟಿದ ಹಗ್ಗ ಅದು, ಹಲಗೆಯನ್ನು ಮುಂದಕ್ಕೆ ಬಾಗಿಸಿ ಹಿಡಿಯುತ್ತದೆ. ಕ್ಲೀನ್‌ನಲ್ಲಿ, ಅಂದರೆ ಬಾರನ್ನು ನೆಲದಿಂದ ಎತ್ತಿ ಹೆಗಲ ಮುಂದೆ ಹೊರುವಾಗ, ಮೂರನೆಯದೊಂದು ಸೇರಿಕೊಳ್ಳುತ್ತದೆ, ಅದು ಮೇಲ್ತೋಳಿನ ಹಿಂಬದಿಯ ಸ್ನಾಯು ಟ್ರೈಸೆಪ್ಸ್‌ನ ಉದ್ದದ ಎಳೆ. ಮೊಣಕೈಯನ್ನೂ ಹೆಗಲನ್ನೂ ಎರಡನ್ನೂ ದಾಟುವ ಕಾರಣ, ಮೊಣಕೈ ಪೂರ್ತಿ ಮಡಿಸಿ ಮೇಲಕ್ಕೆತ್ತಿದರೆ ಅದು ಎರಡೂ ತುದಿಯಿಂದ ಎಳೆದುಕೊಳ್ಳುತ್ತದೆ.

ಮೊದಲು ಅಳತೆ

ಒಂದು ಪುಸ್ತಕ, ಒಂದು ಅಳತೆ ಟೇಪು ಇಟ್ಟುಕೊಳ್ಳಿ. "ಸ್ವಲ್ಪ ಸಡಿಲ ಆದ ಹಾಗಿದೆ" ಅನ್ನುವ ಭಾವನೆಯನ್ನು ನಂಬಲಾಗದು. ಬಿಸಿಯಾದ ಮೈ ಯಾವಾಗಲೂ ಸಡಿಲವಾಗಿಯೇ ತೋರುತ್ತದೆ. ಅಳೆಯುವುದು ಯಾವಾಗಲೂ ಒಂದೇ ಹೊತ್ತಿನಲ್ಲಿ, ಮೈ ಬಿಸಿ ಮಾಡುವ ಮುಂಚೆ. ನಾನು ಭಾನುವಾರ ಬೆಳಿಗ್ಗೆ ಅಳೆಯುತ್ತೇನೆ.

ಅಂಗಾತ ಮಲಗಿ, ಮೊಣಕಾಲು ಮಡಿಸಿ ಪಾದ ನೆಲಕ್ಕೂರಿ. ನಡು ನೆಲಕ್ಕೆ ಒತ್ತಿರಲಿ, ಪಕ್ಕೆಲುಬು ಮೇಲೇಳಬಾರದು. ಮೊಣಕೈ ನೇರ ಇಟ್ಟು, ಅಂಗೈಗಳು ಎದುರುಬದುರಾಗಿ, ಕೈಗಳನ್ನು ತಲೆಯ ಹಿಂದಕ್ಕೆ ಇಳಿಸಿ. ಹೆಬ್ಬೆರಳು ನೆಲ ಮುಟ್ಟಿದರೆ ತಲೆಯ ಮೇಲಿನ ಚಲನೆ ಸಾಕಷ್ಟಿದೆ. ಮುಟ್ಟದಿದ್ದರೆ ಅಂತರ ಬರೆದುಕೊಳ್ಳಿ. ಈಗ ಎರಡೂ ಮೊಣಕಾಲನ್ನು ಎದೆಯ ಕಡೆ ತಂದು ಅದನ್ನೇ ಮಾಡಿ. ಸೊಂಟ ಹೀಗೆ ಸುರುಳಿಯಾದಾಗ ಲ್ಯಾಟ್‌ನ ಕೆಳತುದಿ ಎಳೆದುಕೊಳ್ಳುತ್ತದೆ. ಕೈ ಇನ್ನಷ್ಟು ಮೇಲೇರಿದರೆ ತಪ್ಪು ಲ್ಯಾಟ್‌ನದು. ಕೊನೆಗೆ ಕೋಚ್ ನನಗೆ ಮಾಡಿಸಿದ್ದು: ರೋಲರ್ ಮೇಲೆ ಎರಡು ನಿಮಿಷ, ಮತ್ತೆ ಅಳತೆ. ಅಂತರ ಕಣ್ಣಿಗೆ ಕಾಣುವಷ್ಟು ಇಳಿದರೆ ಬೆನ್ನಿನ ಕೆಲಸವೇ ಮೊದಲು.

ಬೆನ್ನಿಗೆ ಇನ್ನೊಂದು ಪರೀಕ್ಷೆ ಇದೆ. ಕುರ್ಚಿಯಲ್ಲಿ ಮೊಣಕಾಲುಗಳ ನಡುವೆ ದಿಂಬು ಹಿಡಿದು ಕೂತು, ಎದೆಗೆ ಅಡ್ಡವಾಗಿ ಕೋಲು ಅಪ್ಪಿಕೊಂಡು ಎಡಕ್ಕೂ ಬಲಕ್ಕೂ ತಿರುಗಿ. ಸೊಂಟ ಅಲುಗದೆ ಎರಡೂ ಕಡೆ ಸುಮಾರು 45 ಡಿಗ್ರಿ ಬರಬೇಕು. ನನಗೆ ಎಡಕ್ಕೆ ಬರುತ್ತಿತ್ತು, ಬಲಕ್ಕೆ ಅದರ ಅರ್ಧವೂ ಬರುತ್ತಿರಲಿಲ್ಲ. ಸ್ನ್ಯಾಚ್‌ನಲ್ಲಿ ಬಾರ್ ಓರೆಯಾಗುತ್ತಿದ್ದುದು ಯಾಕೆ ಅಂತ ಆವತ್ತು ಗೊತ್ತಾಯಿತು.

ಕ್ಲೀನ್‌ಗಾಗಿ ಎರಡು ಸಣ್ಣ ಪರೀಕ್ಷೆ. ಒಂದು ಕೈಯನ್ನು ಕಿವಿಯ ಪಕ್ಕಕ್ಕೆ ಎತ್ತಿ, ಮೊಣಕೈ ಮಡಿಸಿ, ಅದೇ ಕಡೆಯ ಹೆಗಲ ಹಿಂಬದಿಯನ್ನು ಬೆರಳಲ್ಲಿ ಮುಟ್ಟಿ. ಸಿಗದಿದ್ದರೆ ಟ್ರೈಸೆಪ್ಸ್ ಬಿಗಿಯಾಗಿದೆ. ಇನ್ನು ಮಣಿಕಟ್ಟು: ಎದೆಯ ಮುಂದೆ ಕೈಮುಗಿದು, ಅಂಗೈ ಬಿಡದಂತೆ ಮೊಣಕೈಗಳನ್ನು ಪಕ್ಕಕ್ಕೆ ಎತ್ತುತ್ತಾ ಕೈಗಳನ್ನು ಕೆಳಗಿಳಿಸಿ. ಮುಂಗೈ ನೆಲಕ್ಕೆ ಸಮಾನಾಂತರವಾಗುವ ಮುಂಚೆಯೇ ಅಂಗೈಯ ಬುಡ ಬಿಟ್ಟುಕೊಂಡರೆ ಮಣಿಕಟ್ಟಿಗೂ ಕೆಲಸ ಇದೆ.

ಮೇಲಿನ ಮೈಯ ಬರಹದಲ್ಲಿ ಪಾದದ ಮಾತು ಯಾಕೆ ಅನ್ನಬೇಡಿ, ಬಿಡಲಾಗದ ಮಾತು ಅದು. ಪಾದದ ಗಂಟು ಬಗ್ಗದಿದ್ದರೆ ಕುಕ್ಕರಗಾಲಲ್ಲಿ ಮುಂಡ ಮುಂದಕ್ಕೆ ವಾಲುತ್ತದೆ. ಮುಂಡ ವಾಲಿದಷ್ಟೂ ಹೆಗಲು ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಬಾರ್ ಪಾದದ ನಡುವಿನ ನೇರಕ್ಕೆ ಬರುವುದಿಲ್ಲ. ಗೋಡೆಯ ಮುಂದೆ ಒಂಟಿ ಮಂಡಿಯೂರಿ, ಹಿಮ್ಮಡಿ ಎತ್ತದೆ, ಮುಂದಿನ ಮೊಣಕಾಲನ್ನು ಗೋಡೆಗೆ ತಾಗಿಸಿ. ಹೆಬ್ಬೆರಳ ತುದಿ ಗೋಡೆಯಿಂದ 10 ಸೆಂಟಿಮೀಟರ್ ದೂರವಿದ್ದಾಗಲೂ ತಾಗಬೇಕು. ಇನ್ನೂ ಸುಲಭದ ದಾರಿ: ಹಿಮ್ಮಡಿಯ ಕೆಳಗೆ ಸುಮಾರು 2 ಸೆಂಟಿಮೀಟರ್ ದಪ್ಪದ ಭಾರದ ತಟ್ಟೆ ಇಟ್ಟು ಕೋಲಿನೊಡನೆ ಓವರ್‌ಹೆಡ್ ಸ್ಕ್ವಾಟ್ ಮಾಡಿ, ಅಂದರೆ ಕೋಲನ್ನು ತಲೆಯ ಮೇಲೆ ಹಿಡಿದೇ ಕುಕ್ಕರಗಾಲಿಗೆ ಇಳಿಯಿರಿ. ಕೋಲು ಒಮ್ಮೆಲೇ ಸರಿಯಾದ ಜಾಗಕ್ಕೆ ಬಂದರೆ ಹೆಗಲು ನಿರಪರಾಧಿ, ಮೀನಖಂಡವನ್ನು ವಿಚಾರಿಸಿಕೊಳ್ಳಿ. ವೇಟ್‌ಲಿಫ್ಟಿಂಗ್ ಶೂಗೆ ಎತ್ತರದ ಹಿಮ್ಮಡಿ ಇರುವುದೂ ಇದಕ್ಕೇ.

ಬೆನ್ನು

ಫೋಮ್ ರೋಲರನ್ನು ಬೆನ್ನಿಗೆ ಅಡ್ಡವಾಗಿ, ಹೆಗಲ ಹಲಗೆಗಳ ಕೆಳತುದಿಯ ಹತ್ತಿರ ಇಡಿ. ಪೃಷ್ಠ ನೆಲಕ್ಕೆ ಊರಿರಲಿ. ಬಹಳ ಜನ ಸೊಂಟ ಎತ್ತಿ ಮೇಲೆ ಕೆಳಗೆ ಉರುಳುತ್ತಾರೆ. ಅದು ಹಿತವಾಗಿರುತ್ತದೆ, ಆದರೆ ಬೆನ್ನು ಬಾಗುವುದಿಲ್ಲ. ಬೆರಳು ಹೆಣೆದು ತಲೆಗೆ ಆಸರೆ ಕೊಡಿ, ಮೊಣಕೈಗಳು ಒಂದಕ್ಕೊಂದು ಹತ್ತಿರ ಇರಲಿ. ಉಸಿರನ್ನು ಪೂರ್ತಿ ಹೊರಬಿಡಿ. ಪಕ್ಕೆಲುಬು ಹೊಟ್ಟೆಯ ಕಡೆ ಇಳಿಯುವುದು ಗೊತ್ತಾಗಬೇಕು. ಆ ಪಕ್ಕೆಲುಬನ್ನು ಅಲ್ಲೇ ಹಿಡಿದು, ರೋಲರ್ ಸುತ್ತ ತಲೆಯನ್ನೂ ಮೇಲ್ಬೆನ್ನನ್ನೂ ಹಿಂದಕ್ಕೆ ಬಾಗಿಸಿ. ಒಂದು ಜಾಗದಲ್ಲಿ ಐದಾರು ಉಸಿರು. ಆಮೇಲೆ ರೋಲರನ್ನು ಎರಡು ಬೆರಳಷ್ಟು ತಲೆಯ ಕಡೆ ಸರಿಸಿ. ನಾಲ್ಕು ಜಾಗ ಸಾಕು. ಪಕ್ಕೆಲುಬು ಮುಗಿಯುವ ಗೆರೆಯಿಂದ ಕೆಳಕ್ಕೆ ಹೋಗಬೇಡಿ. ನಡು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಬಾಗುತ್ತದೆ, ಅದಕ್ಕೆ ಇನ್ನಷ್ಟು ಕಲಿಸುವುದು ಬೇಡ.

ಉಸಿರಿನ ಮಾತನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಪಕ್ಕೆಲುಬು ಎಗರಿಸಿ, ನಡು ಬಗ್ಗಿಸಿ ಕೈ ಮೇಲೆತ್ತುವುದು ದೇಹ ಮಾಡಿಕೊಳ್ಳುವ ಸಾಲ. ಕನ್ನಡಿಯಲ್ಲಿ ಕೈ ನೇರ ಕಾಣುತ್ತದೆ, ಆದರೆ ಭಾರವೆಲ್ಲ ನಡುವಿನ ಮೇಲೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ವರೆಗೆ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎರಡರ ಜೊತೆಗೆ ಕ್ಲೀನ್ ಅಂಡ್ ಪ್ರೆಸ್ ಎಂಬ ಮೂರನೆಯ ಎತ್ತು, ಅಂದರೆ ಹೆಗಲಿಗೆ ತಂದ ಬಾರನ್ನು ಕೈಬಲದಿಂದಲೇ ತಲೆಯ ಮೇಲಕ್ಕೆ ಒತ್ತುವುದು, ಸ್ಪರ್ಧೆಯಲ್ಲಿ ಇತ್ತು. ಲಿಫ್ಟರ್‌ಗಳು ನಡುವನ್ನು ವಿಪರೀತ ಹಿಂದಕ್ಕೆ ಬಗ್ಗಿಸಿ ಅದನ್ನು ಎತ್ತುತ್ತಿದ್ದರು. ತೀರ್ಪು ಕೊಡುವುದೇ ಕಷ್ಟವಾಗಿ, ಆ ವರ್ಷದ ನಂತರ ಅದನ್ನು ಕೈಬಿಟ್ಟರು.

ರೋಲರ್ ಆದ ಮೇಲೆ ಬೆಂಚ್. ಒಂದೇ ಒಂದು ಸ್ಟ್ರೆಚ್ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಿಡಬೇಕು ಎಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಬೆಂಚಿನ ಮುಂದೆ ಮಂಡಿಯೂರಿ, ಹೆಗಲಗಲದಲ್ಲಿ ಮೊಣಕೈಗಳನ್ನು ಬೆಂಚಿನ ಅಂಚಿನ ಮೇಲಿಡಿ. ಅಂಗೈ ಮೇಲ್ಮುಖವಾಗಿ ಕೋಲೊಂದನ್ನು ಹಿಡಿಯಿರಿ. ಅಂಗೈ ಮೇಲ್ಮುಖವಾದರೆ ತೋಳು ಹೊರಕ್ಕೆ ತಿರುಗುತ್ತದೆ, ಲ್ಯಾಟ್‌ಗೆ ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ. ಹೊಟ್ಟೆ ಬಿಗಿಹಿಡಿದು ಪೃಷ್ಠವನ್ನು ಹಿಮ್ಮಡಿಯ ಕಡೆ ಸರಿಸುತ್ತಾ ಎದೆಯನ್ನು ನೆಲದ ಕಡೆ ಇಳಿಸಿ, ಮೊಣಕೈ ಮಡಿಸಿ ಕೋಲನ್ನು ಬೆನ್ನಿನ ಕಡೆ ತನ್ನಿ. ಕೊನೆಯ ಬಿಂದು ಸಿಕ್ಕಾಗ, ಮೊಣಕೈಗಳನ್ನು ಬೆಂಚಿಗೆ ಒತ್ತಿ. ಪೂರ್ತಿ ಬಲ ಬೇಡ, ಮೂರರಲ್ಲೊಂದು ಪಾಲು ಸಾಕು. ಐದಾರು ಸೆಕೆಂಡ್ ಒತ್ತಿ ಬಿಡಿ. ಬಿಟ್ಟು ಉಸಿರು ಹೊರಹಾಕುವಾಗ ಎದೆ ತಾನಾಗಿ ಒಂದು ಬೆರಳು ಕೆಳಗಿಳಿಯುತ್ತದೆ. ಅಲ್ಲಿ ಹದಿನೈದು ಸೆಕೆಂಡ್ ಇದ್ದು ಮತ್ತೆ ಒತ್ತಿ. ಹೀಗೆ ಐದು ಸಲ. ಬೆನ್ನು, ಲ್ಯಾಟ್, ಟ್ರೈಸೆಪ್ಸ್‌ನ ಉದ್ದದ ಎಳೆ, ಮೂರಕ್ಕೂ ಒಂದೇ ಸಲ ಕೆಲಸ ಆಗುತ್ತದೆ.

ಒತ್ತಿ ಬಿಡುವುದು ಯಾಕೆ ಕೆಲಸ ಮಾಡುತ್ತದೆ? ಮೊದಲ ಕೆಲವು ವಾರಗಳಲ್ಲಿ ಸ್ನಾಯು ಉದ್ದವಾಗುವುದು ಬಹಳ ಕಡಿಮೆ, ಹೆಚ್ಚಾಗುವುದು ಎಳೆತವನ್ನು ಸಹಿಸುವ ಶಕ್ತಿ. ಆ ತುದಿಯಲ್ಲೂ ನಿಮಗೆ ಹಿಡಿತ ಇದೆ ಅಂತ ನರಮಂಡಲಕ್ಕೆ ಗೊತ್ತಾದಷ್ಟೂ ಅದು ಇನ್ನಷ್ಟು ದಾರಿ ಬಿಟ್ಟುಕೊಡುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಒಂದು ಗಂಟೆ ಹಿಂಸೆ ಪಡುವುದಕ್ಕಿಂತ ದಿನಕ್ಕೆ ಎಂಟು ನಿಮಿಷ ಮೇಲು. ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುವಷ್ಟು ಎಳೆದರೆ ನರಮಂಡಲ ಬಾಗಿಲು ಹಾಕಿಕೊಳ್ಳುತ್ತದೆ.

ಲ್ಯಾಟ್, ಎದೆ, ಮತ್ತೆ ಆ ಕೋಲು

ಲ್ಯಾಟ್‌ಗೆ ಬೆಂಚಿನ ಜೊತೆ ಇನ್ನೊಂದು ಬೇಕೆಂದರೆ ರಬ್ಬರ್ ಬ್ಯಾಂಡನ್ನು ತಲೆಗಿಂತ ಎತ್ತರದಲ್ಲಿ ಕಟ್ಟಿ, ಅಂಗೈ ಮೇಲ್ಮುಖವಾಗಿ ಹಿಡಿದು ಹಿಂದಕ್ಕೆ ಸರಿಯಿರಿ. ಸೊಂಟ ಹಿಂದಕ್ಕೆ ಹೋಗಲಿ, ಎದೆ ಕೆಳಗಿಳಿಯಲಿ, ಆಮೇಲೆ ಸೊಂಟವನ್ನು ಪಕ್ಕಕ್ಕೆ ವಾಲಿಸಿ. ಕಂಕುಳಿನಿಂದ ಸೊಂಟದವರೆಗೆ ಒಂದೇ ಗೆರೆಯಲ್ಲಿ ಎಳೆತ ಸಿಗಬೇಕು. ಹೆಗಲಿನ ನೆತ್ತಿಯಲ್ಲಿ ಚಿವುಟಿದ ಹಾಗಾದರೆ ಬ್ಯಾಂಡನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಹೊರಕ್ಕೆ ಹಿಡಿದು ನೋಡಿ. ಪುಲ್‌ಅಪ್ ಬಾರ್‌ಗೆ ಜೋತುಬೀಳುವುದೂ ಒಳ್ಳೆಯದೇ. ಮೊದಲ ತಿಂಗಳು ಪಾದದ ತುದಿ ನೆಲಕ್ಕೆ ತಾಗಿಸಿ ಅರ್ಧ ಭಾರ ಮಾತ್ರ ಬಿಡಿ, 30 ಸೆಕೆಂಡ್.

ಎದೆಗೆ ಬಾಗಿಲಿನ ಚೌಕಟ್ಟು ಸಾಕು. ಮುಂಗೈಯನ್ನು ಚೌಕಟ್ಟಿಗೆ ಒರಗಿಸಿ, ಮೊಣಕೈ ಹೆಗಲಿಗಿಂತ ಸ್ವಲ್ಪ ಮೇಲೆ ಇರಲಿ, ಒಂದು ಹೆಜ್ಜೆ ಮುಂದಿಡಿ. ಎಳೆತ ಎದೆಯ ಮಾಂಸದಲ್ಲಿ ಇರಬೇಕು. ಕೀಲಿನ ಮುಂಭಾಗದಲ್ಲಿ ಗುಂಡು ಹೊರಕ್ಕೆ ನೂಕಿದ ಹಾಗೆ ಅನಿಸಿದರೆ ಹಿಂದೆ ಸರಿಯಿರಿ. ಅಲ್ಲಿ ಎಳೆಯುತ್ತಿರುವುದು ಸ್ನಾಯುವನ್ನಲ್ಲ, ಕೀಲಿನ ಚೀಲವನ್ನು. ನನಗೆ ನೋವು ಬಂದದ್ದು ಇದೇ ಜಾಗದಲ್ಲಿ, ಆ ದಿನಕ್ಕೆ ನೂರು ಸಲದ ಕೋಲಿನಿಂದ.

ಕೋಲನ್ನು ನಾನು ಬಿಟ್ಟಿಲ್ಲ, ಉಪಯೋಗಿಸುವ ರೀತಿ ಬದಲಾಯಿತು. ಈಗ ಅದು ವಾರ್ಮ್‌ಅಪ್ ಮಾತ್ರ. ಹತ್ತು ಸಲದ ಎರಡು ಸುತ್ತು, ನಿಧಾನವಾಗಿ, ಮೊಣಕೈ ನೇರವಾಗಿ. ಕೋಲು ತಲೆಯ ನೆತ್ತಿಗೆ ಬಂದಾಗ ಹೆಗಲನ್ನು ಕಿವಿಯ ಕಡೆ ಎತ್ತಿ, ಹಾಗೆ ಎತ್ತಿಕೊಂಡೇ ಹಿಂದಕ್ಕೆ ದಾಟಿಸಿ. ಹೆಗಲನ್ನು ಕೆಳಕ್ಕೆಳೆದು ಹಿಡಿಯಿರಿ ಅಂತ ಹಲವರು ಹೇಳುತ್ತಾರೆ. ತಲೆಯ ಮೇಲಿನ ಕೆಲಸದಲ್ಲಿ ಅದು ತಪ್ಪು, ಹಲಗೆ ಮೇಲಕ್ಕೆ ತಿರುಗದಂತೆ ತಡೆದ ಹಾಗಾಗುತ್ತದೆ. ಹಿಡಿತ ಅಗಲವಾಗಿಯೇ ಶುರುವಾಗಲಿ. ವಾರವಾರ ಒಂದು ಬೆರಳು ಕಡಿಮೆ ಮಾಡಲೇಬೇಕು ಅನ್ನುವ ಹಟ ಬೇಡ. ಎರಡು ತೋರುಬೆರಳುಗಳ ನಡುವೆ ಅಳೆದಾಗ ನನ್ನ ಹಿಡಿತ 112 ಸೆಂಟಿಮೀಟರ್ ಇತ್ತು. ಬೆನ್ನಿನ ಕೆಲಸ ಶುರುಮಾಡಿ ಐದು ತಿಂಗಳಿಗೆ 97 ಆಯಿತು. ಆ ಐದು ತಿಂಗಳಲ್ಲಿ ಹಿಡಿತ ಚಿಕ್ಕದು ಮಾಡಲು ಬೇರೆ ಏನೂ ಮಾಡಿರಲಿಲ್ಲ.

ಬಾರ್ ಮೇಲಿನ ಹಿಡಿತದ ಬಗ್ಗೆ ಒಂದು ಮಾತು. ನೆಟ್ಟಗೆ ನಿಂತು ಕೈ ನೇರ ಬಿಟ್ಟಾಗ ಬಾರ್ ತೊಡೆಸಂದಿಯ ಮಡಿಕೆಗೆ ಬರುವಷ್ಟು ಅಗಲ ಸ್ನ್ಯಾಚ್‌ಗೆ ಸರಿ. ಅಗಲ ಹೆಚ್ಚಿಸಿದರೆ ಹೆಗಲಿಗೆ ಸುಲಭ, ಮಣಿಕಟ್ಟಿಗೆ ಕಷ್ಟ. ಮಹಿಳೆಯರ ಬಾರ್ 201 ಸೆಂಟಿಮೀಟರ್, ಪುರುಷರದ್ದು 220. ಆದರೆ ಕೈ ಹಿಡಿಯುವ ನಡುಭಾಗ ಎರಡರಲ್ಲೂ 131 ಸೆಂಟಿಮೀಟರ್ ಮಾತ್ರ. ಹೆಗಲು ಬಿಗಿಯಾಗಿರುವ ಎತ್ತರದ ಆಳು ಅಗಲಿಸಿಕೊಳ್ಳುತ್ತಾ ಹೋದರೆ ಜಾಗವೇ ಮುಗಿದುಹೋಗುತ್ತದೆ.

ಜರ್ಕ್‌ನಲ್ಲಿ, ಅಂದರೆ ಕ್ಲೀನ್ ಆದ ಮೇಲೆ ಬಾರನ್ನು ಹೆಗಲಿನಿಂದ ತಲೆಯ ಮೇಲಕ್ಕೆ ಚಿಮ್ಮಿಸುವಾಗ, ಹಿಡಿತ ಹೆಗಲಿಗಿಂತ ಸ್ವಲ್ಪವೇ ಅಗಲ, ಹಾಗಾಗಿ ಕೈ ಇನ್ನಷ್ಟು ನೆಟ್ಟಗೆ ಮೇಲೇರಬೇಕು. ಕಾಲು ಹಿಂದುಮುಂದು ಚಾಚುವ ಸ್ಪ್ಲಿಟ್ ಜರ್ಕ್‌ನಲ್ಲಿ ಮುಂಡ ನೇರ ಇರುವುದರಿಂದ ನಿಭಾಯಿಸಬಹುದು. ಚೀನಾದ ಲಿಫ್ಟರ್ ಲ್ಯು ಶಿಯಾವ್‌ಜುನ್ ಮಾಡುತ್ತಿದ್ದ ಸ್ಕ್ವಾಟ್ ಜರ್ಕ್‌ಗೆ, ಅಂದರೆ ಆ ಕಿರಿದಾದ ಹಿಡಿತದಲ್ಲೇ ಪೂರ್ತಿ ಕುಕ್ಕರಗಾಲಿಗೆ ಇಳಿಯುವುದಕ್ಕೆ, ಬೆನ್ನು, ಹೆಗಲು, ಪಾದದ ಗಂಟು ಮೂರೂ ಅಪಾರವಾಗಿ ಬಗ್ಗಬೇಕು. ಅದನ್ನು ನೋಡಿ ಖುಷಿಪಡಿ, ನಕಲು ಮಾಡುವ ಅವಸರ ಬೇಡ.

ಹೆಗಲ ಮುಂದೆ ಬಾರ್

ಕ್ಲೀನ್‌ನಲ್ಲಿ ಬಾರ್ ಕೂರಬೇಕಾದ್ದು ಹೆಗಲಿನ ಮುಂಭಾಗದ ಮಾಂಸದ ಮೇಲೆ, ಗಂಟಲಿಗೆ ಹೆಚ್ಚುಕಡಿಮೆ ತಾಗಿಕೊಂಡು. ಕೈ ಅದನ್ನು ಹೊರುವುದಿಲ್ಲ, ಜಾರದಂತೆ ಹಿಡಿಯುತ್ತದೆ ಅಷ್ಟೇ. ಎರಡು ಮೂರು ಬೆರಳು ಬಾರ್ ಕೆಳಗಿದ್ದರೂ ಸಾಕು. ಐದೂ ಬೆರಳಲ್ಲಿ ಬಿಗಿಯಾಗಿ ಹಿಡಿದು ಮೊಣಕೈ ಎತ್ತಲು ಹೋಗಿ ಮಣಿಕಟ್ಟು ನೋಯಿಸಿಕೊಂಡವರನ್ನು ತುಂಬ ನೋಡಿದ್ದೇನೆ. ಅವರಿಗೆ ಮಣಿಕಟ್ಟಿನ ಸ್ಟ್ರೆಚ್‌ಗಿಂತ ಮೊದಲು ಬೆರಳು ಬಿಡುವುದನ್ನು ಕಲಿಸಬೇಕು.

ಮೇಲ್ತೋಳಿಗಿಂತ ಮುಂಗೈ ಉದ್ದವಾಗಿರುವವರಿಗೆ ಇದು ಸಹಜವಾಗಿಯೇ ಕಷ್ಟ. ಮೂಳೆಯ ಉದ್ದ ಬದಲಾಗದು. ಅಂಥವರು ಹಿಡಿತವನ್ನು ಒಂದೆರಡು ಬೆರಳು ಅಗಲಿಸಿ, ತುದಿಬೆರಳಲ್ಲಿ ಹಿಡಿದರೆ ಸಾಕು.

ಅಭ್ಯಾಸ ಹೀಗೆ. ಅಲುಗದಷ್ಟು ಭಾರ ಹಾಕಿದ ಬಾರನ್ನು ಸ್ಕ್ವಾಟ್ ಸ್ಟ್ಯಾಂಡಿನಲ್ಲಿ ಹೆಗಲೆತ್ತರಕ್ಕೆ ಇಡಿ. ಅದರ ಕೆಳಗೆ ಹೊಕ್ಕು ಬಾರನ್ನು ಹೆಗಲಿಗೆ ತಾಗಿಸಿ, ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಆ ಮೊಣಕೈಯನ್ನು ಮೇಲಕ್ಕೂ ಸ್ವಲ್ಪ ಒಳಕ್ಕೂ ನೂಕಿ. ತುದಿ ಸಿಕ್ಕಾಗ ಮೊಣಕೈಯನ್ನು ಐದು ಸೆಕೆಂಡ್ ಕೆಳಕ್ಕೆ ಒತ್ತಿ, ಬಿಡಿ, ಮತ್ತೆ ನೂಕಿ. ಪ್ರತಿ ಕಡೆಗೆ ನಾಲ್ಕು ಸಲ. ಎರಡೂ ಕೈ ಒಟ್ಟಿಗೆ ಮಾಡುವುದಕ್ಕಿಂತ ಒಂದೊಂದಾಗಿ ಮಾಡಿದರೆ ಬೇಗ ಫಲ ಸಿಗುತ್ತದೆ. ಒಟ್ಟಿಗೆ ಮಾಡುವಾಗ ನಡು ಹಿಂದಕ್ಕೆ ಬಾಗಿ ಮೋಸವಾಗುತ್ತದೆ.

ಮಣಿಕಟ್ಟಿಗೆ: ಕೈ ಮಂಡಿ ಊರಿ, ಬೆರಳು ಮುಂದಕ್ಕೆ ಮಾಡಿ, ಅಂಗೈಯ ಬುಡ ಎತ್ತದೆ ಮೈಯನ್ನು ಮುಂದಕ್ಕೆ ತೂಗಿ, ಹತ್ತು ಸಲ. ಆಮೇಲೆ ಬೆರಳನ್ನು ಮಂಡಿಯ ಕಡೆ ತಿರುಗಿಸಿ ಹಿಂದಕ್ಕೆ ತೂಗಿ. ಇದಕ್ಕೆ ಎರಡು ನಿಮಿಷ ಸಾಕು, ಎಲ್ಲಿ ಬೇಕಾದರೂ ಮಾಡಬಹುದು.

ಸಿಕ್ಕಿದ ಜಾಗದಲ್ಲಿ ನಿಲ್ಲುವುದು

ಸ್ಟ್ರೆಚ್ ಮಾಡಿ ಎದ್ದು ಮನೆಗೆ ಹೋದರೆ ಮರುದಿನ ಆ ಅಂತರ ಬಹುಪಾಲು ಹಳೆಯ ಜಾಗಕ್ಕೇ ಬಂದಿರುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಬರೆದು ನೋಡಿದ್ದೇನೆ. ಬರೀ ಸ್ಟ್ರೆಚ್ ಮಾಡಿದ ಏಳು ವಾರಗಳಲ್ಲಿ ಮಲಗಿ ಅಳೆದ ಅಂತರ 14 ಸೆಂಟಿಮೀಟರಿನಿಂದ 12ಕ್ಕೆ ಇಳಿದಿತ್ತು. ಪ್ರತಿ ಸ್ಟ್ರೆಚ್ ಮುಗಿದ ಮೇಲೆ ಅದೇ ತುದಿಯಲ್ಲಿ ಭಾರ ಹೊರುವುದನ್ನು ಸೇರಿಸಿದ ಮುಂದಿನ ಏಳು ವಾರಗಳಲ್ಲಿ 5ಕ್ಕೆ ಬಂತು.

ಕೋಲಿನೊಡನೆ ಶುರುಮಾಡಿ. ಸ್ನ್ಯಾಚ್ ಹಿಡಿತದಲ್ಲಿ ಓವರ್‌ಹೆಡ್ ಸ್ಕ್ವಾಟ್, ತಳದಲ್ಲಿ ಮೂರು ಸೆಕೆಂಡ್ ನಿಲುಗಡೆ. ಕಂಕುಳು ಮುಂದಕ್ಕೆ ಕಾಣಲಿ, ಹೆಗಲು ಕಿವಿಯ ಕಡೆ ಎತ್ತಿರಲಿ, ಬಾರ್ ಕತ್ತಿನ ಹಿಂಬದಿಯ ನೇರಕ್ಕೆ ಇರಲಿ. ಐದು ಸಲದ ಮೂರು ಸುತ್ತು ಸ್ಥಿರವಾದ ಮೇಲೆ ಖಾಲಿ ಬಾರ್. ಮಹಿಳೆಯರ ಬಾರ್ 15 ಕಿಲೋ, ಪುರುಷರದ್ದು 20. ಅದೂ ಭಾರವಾದರೆ ಅಭ್ಯಾಸದ ಹಗುರ ಬಾರ್ ಬಳಸಿ. ಕೆಳಗಿಳಿದಾಗ ನಡುಕ ಬಂದರೆ ಹೆದರಬೇಡಿ. ಮುಂದಕ್ಕೆ ಬೀಳುತ್ತಿದ್ದರೆ ಮಾತ್ರ ಭಾರ ಇಳಿಸಿ.

ಮುಂದಿನದು ಸಾಟ್ಸ್ ಪ್ರೆಸ್. ಸೋವಿಯತ್ ಲಿಫ್ಟರ್ ವಿಕ್ಟರ್ ಸಾಟ್ಸ್ ಅವರಿಂದ ಈ ಹೆಸರು ಬಂದಿದೆ. ಕುಕ್ಕರಗಾಲಿನ ತಳದಲ್ಲಿ ಕೂತುಕೊಂಡೇ ಬಾರನ್ನು ಹೆಗಲಿನಿಂದ ತಲೆಯ ಮೇಲಕ್ಕೆ ಒತ್ತಬೇಕು. ಕತ್ತಿನ ಹಿಂದಿನಿಂದ, ಸ್ನ್ಯಾಚ್ ಹಿಡಿತದಲ್ಲಿ ಮಾಡುವುದು ಸುಲಭದ ರೂಪ, ಮುಂದಿನಿಂದ ಕ್ಲೀನ್ ಹಿಡಿತದಲ್ಲಿ ಮಾಡುವುದು ಕಠಿಣ. ಇದರಲ್ಲಿ ಮುಚ್ಚಿಡಲು ಏನೂ ಆಗುವುದಿಲ್ಲ. ಬೆನ್ನು ಬಗ್ಗದಿದ್ದರೆ ಬಾರ್ ಹಣೆಯ ಹತ್ತಿರವೇ ನಿಂತುಬಿಡುತ್ತದೆ. ಕೋಲಿನಿಂದ ಖಾಲಿ 15 ಕಿಲೋ ಬಾರ್‌ಗೆ ಬರಲು ನನಗೆ ನಾಲ್ಕು ತಿಂಗಳು ಬೇಕಾಯಿತು, ಅದೂ ಸುಲಭದ ರೂಪಕ್ಕೆ. ವಾರಕ್ಕೆ ಎರಡು ದಿನ, ಐದು ಸಲದ ಮೂರು ಸುತ್ತು ಮಾಡುತ್ತಿದ್ದೆ.

ಹೆಗಲ ಹಲಗೆಯನ್ನು ಮೇಲಕ್ಕೆ ತಿರುಗಿಸುವ ಸಣ್ಣ ಸ್ನಾಯುಗಳಿಗೆ ಇಳಿಜಾರು ಬೆಂಚಿನ ಮೇಲೆ ಬೋರಲು ಮಲಗಿ, ಹೆಬ್ಬೆರಳು ಮೇಲ್ಮುಖವಾಗಿ, ಕೈಗಳನ್ನು ತಲೆಯ ಮುಂದಕ್ಕೆ ವಿ ಆಕಾರದಲ್ಲಿ ಎತ್ತುವ ಅಭ್ಯಾಸ ಸಾಕು. ಒಂದು ಕಿಲೋ ತಟ್ಟೆಯೂ ಆರಂಭಕ್ಕೆ ಹೆಚ್ಚಾಗಬಹುದು. ಹನ್ನೆರಡು ಸಲ, ಪ್ರತಿ ಸಲ ಮೇಲೆ ಎರಡು ಸೆಕೆಂಡ್.

ಯಾವಾಗ, ಎಷ್ಟು

ಎತ್ತುವ ಮುಂಚೆ ದೀರ್ಘ ಸ್ಟ್ರೆಚ್ ಬೇಡ. ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಅದರ ಬಲ ಆ ಹೊತ್ತಿಗೆ ಸ್ವಲ್ಪ ಕುಗ್ಗುತ್ತದೆ. ಮುಂಚೆ ಮಾಡಬೇಕಾದ್ದು ಐದು ನಿಮಿಷ ಮೈ ಬಿಸಿ, ಎರಡು ನಿಮಿಷ ರೋಲರ್, ಕೋಲು, ಬಿಗಿದ ಜಾಗಕ್ಕೆ ಮಾತ್ರ 20 ಸೆಕೆಂಡಿನ ಎಳೆತ, ಆಮೇಲೆ ಖಾಲಿ ಬಾರ್‌ನಲ್ಲಿ ನಿಲುಗಡೆಯ ಓವರ್‌ಹೆಡ್ ಸ್ಕ್ವಾಟ್. ಇಷ್ಟಕ್ಕೆ ಹದಿನೈದು ನಿಮಿಷ. ಬೆಂಚ್, ಬ್ಯಾಂಡ್, ಬಾಗಿಲಿನ ಚೌಕಟ್ಟು ಇವೆಲ್ಲ ಅಭ್ಯಾಸ ಮುಗಿದ ಮೇಲೆ ಇಲ್ಲವೇ ಬಿಡುವಿನ ದಿನ. ಅವುಗಳಲ್ಲಿ ನಿಮ್ಮ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಎರಡನ್ನು ಮಾತ್ರ ಆರಿಸಿ, ಪ್ರತಿಯೊಂದಕ್ಕೂ ವಾರದಲ್ಲಿ ಒಟ್ಟು ಐದು ನಿಮಿಷವಾದರೂ ಬೀಳುವಂತೆ ಹಂಚಿ. ಎಂಟು ವಾರ ಬದಲಾಯಿಸಬೇಡಿ. ಸ್ಟ್ರೆಚ್ ಮಾಡಿದ ಮೇಲೆ ಕೋಲು ಇಲ್ಲವೇ ಖಾಲಿ ಬಾರ್‌ನಲ್ಲಿ ಐದು ಸಲವಾದರೂ ತಳಕ್ಕೆ ಇಳಿದು ನಿಲ್ಲಿ, ಅದನ್ನು ಬಿಟ್ಟರೆ ಉಳಿದದ್ದು ವ್ಯರ್ಥ.

ಹುಟ್ಟಿನಿಂದಲೇ ಕೀಲು ಸಡಿಲ ಇರುವವರು, ಮೊಣಕೈ ಹಿಂದಕ್ಕೆ ಬಾಗುವವರು, ಹೆಗಲು ಒಮ್ಮೆಯಾದರೂ ತಪ್ಪಿದವರು ಸ್ಟ್ರೆಚ್‌ಗಳ ಭಾಗವನ್ನು ಬಿಟ್ಟು ನಿಲುಗಡೆ ಮತ್ತು ಬಲದ ಅಭ್ಯಾಸ ಮಾತ್ರ ಮಾಡಿ. ಅವರಿಗೆ ಬೇಕಾದ್ದು ಹಿಡಿತ, ಇನ್ನಷ್ಟು ಸಡಿಲ ಅಲ್ಲ. ಕೈಗೆ ಜೋಮು ಹಿಡಿದರೆ, ರಾತ್ರಿ ಆ ಮಗ್ಗುಲಿಗೆ ಮಲಗಲಾಗದಷ್ಟು ನೋವಿದ್ದರೆ, ಕೀಲಿನೊಳಗೆ ಚುಚ್ಚಿದರೆ ನಿಲ್ಲಿಸಿ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ನಾನು ನೋವನ್ನು ಸಹಿಸಿಕೊಂಡು ಮುಂದುವರಿದದ್ದರಿಂದ ಮೂರು ತಿಂಗಳು ತಲೆಯ ಮೇಲೆ ಏನೂ ಎತ್ತದಂತಾಯಿತು.

ಮೊಣಕೈ ಸ್ವಾಭಾವಿಕವಾಗಿಯೇ ಪೂರ್ತಿ ನೇರವಾಗದವರೂ ಇದ್ದಾರೆ. ಸ್ಪರ್ಧೆಯಲ್ಲಿ ಬಾರ್ ಮೇಲೆ ಹೋದ ನಂತರ ಬಾಗಿದ ಮೊಣಕೈಯನ್ನು ಒತ್ತಿ ನೇರಗೊಳಿಸಿದರೆ ಎತ್ತು ಅಮಾನ್ಯ. ಆದ್ದರಿಂದ ಅಂಥವರು ಸ್ಪರ್ಧೆ ಶುರುವಾಗುವ ಮುಂಚೆಯೇ ರೆಫರಿಗಳಿಗೆ ತಿಳಿಸಬೇಕು. ಅದು ಮೂಳೆಯ ರಚನೆ ಆಗಿದ್ದರೆ ಮೊಣಕೈಯನ್ನು ಬಲವಂತವಾಗಿ ನೇರ ಮಾಡುವ ಪ್ರಯತ್ನ ಯಾರ ಮಾತು ಕೇಳಿಯೂ ಮಾಡಬೇಡಿ.

ಎಂಟು ವಾರದ ಕೊನೆಯ ಭಾನುವಾರ ಎಲ್ಲ ಅಳತೆಯನ್ನೂ ಮೊದಲಿನ ಹಾಗೆ, ತಣ್ಣಗಿನ ಮೈಯಲ್ಲಿ ತೆಗೆದುಕೊಳ್ಳಿ. ಅಂತರ ಇಳಿದ ಕಡೆ ಸ್ಟ್ರೆಚ್ ಅನ್ನು ಅರ್ಧಕ್ಕೆ ಇಳಿಸಿ, ನಿಲುಗಡೆಯ ಸ್ಕ್ವಾಟ್ ಮುಂದುವರಿಸಿ. ಇಳಿಯದ ಕಡೆ ಪರೀಕ್ಷೆಗಳನ್ನು ಮತ್ತೆ ಮೊದಲಿಂದ ಮಾಡಿ, ಏಕೆಂದರೆ ಒಂದು ಬಿಗಿ ಬಿಟ್ಟಾಗ ಅದರ ಹಿಂದೆ ಅಡಗಿದ್ದ ಇನ್ನೊಂದು ಮೇಲೆ ಬರುತ್ತದೆ. ನನಗೆ ಬೆನ್ನಿನ ನಂತರ ಬಲಗಾಲಿನ ಪಾದದ ಗಂಟು ಸಿಕ್ಕಿತು, ಗೋಡೆಯಿಂದ ಬರೀ 6 ಸೆಂಟಿಮೀಟರ್.